ಸೇಲಂ ಜೈಲಿನ ದಾರಿ: ಗಡಿನಾಡಿನ ಸೆರೆಯಾಳುಗಳೂ ಅವರನ್ನು ಹುಡುಕಿದವರೂ

ಹೊಸೂರಿನ ಅಂಚಿನ ನಮ್ಮ ಆಲಸನತ್ತಂನಿಂದ ಎರಡು ದೊಡ್ಡ ಸೆರೆಮನೆಗಳಿಗೆ ದಾರಿಯಿದೆ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ ಹೊಸೂರು ರಸ್ತೆಯ ಕಡೆಗೇ ಇದ್ದು, ಸುಮಾರು 30 ಕಿಲೋಮೀಟರಿನೊಳಗೆ ಸಿಗುತ್ತದೆ. ಸೇಲಂ ಕೇಂದ್ರ ಕಾರಾಗೃಹಕ್ಕೆ ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಘಾಟಿ ದಾಟಿ ಸುಮಾರು 160 ಕಿಲೋಮೀಟರು ಹೋಗಬೇಕು. ಮನೆಯ ಹುಡುಗನೊಬ್ಬ ಅತ್ತಿಬೆಲೆಯ ಆಚೆ ಪೊಲೀಸರ ಕೈಗೆ ಸಿಕ್ಕಿದರೆ ತಾಯಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಮಧ್ಯಾಹ್ನದ ಹೊತ್ತಿಗೆ ಮನೆ ಸೇರಬಹುದು. ಅದೇ ಹುಡುಗ ಅತ್ತಿಬೆಲೆಯ ಈಚೆ ಸಿಕ್ಕಿ ಸೇಲಂ ಪಾಲಾದರೆ ಅವಳಿಗೆ ಒಂದು ದಿನವೂ ಒಂದು ದಿನದ ಕೂಲಿಯೂ ಹೋಗುತ್ತದೆ; ಬಾಗಿಲಲ್ಲಿ ಕೇಳುವ ಮಾತೂ ಬರೆದುಕೊಡಬೇಕಾದ ಕಾಗದವೂ ಬೇರೆ ಭಾಷೆಯದು. ಮಂಜೇಶ್ವರ, ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲಪಾಡಿಯ ಆಚೆ ಮಂಗಳೂರು, ಈಚೆ ಕಣ್ಣೂರು.

ಗಡಿಯ ಬಗ್ಗೆ ನಾವು ಬರೆದದ್ದು ಬಹಳ. ಶಾಲೆ, ಪಠ್ಯಪುಸ್ತಕ, ಫಲಕ, ನೌಕರಿ, ಇವೆಲ್ಲ ನಮ್ಮ ಸಮ್ಮೇಳನಗಳ ನಿರ್ಣಯಗಳಲ್ಲಿ ವರ್ಷ ವರ್ಷವೂ ಬರುತ್ತವೆ. ಸೆರೆಮನೆ ಮಾತ್ರ ಬರುವುದಿಲ್ಲ. ಅದು ಮರ್ಯಾದೆಯ ಪ್ರಶ್ನೆ, ಮನೆಯೊಳಗೇ ಮುಚ್ಚಿಡುವ ಸಂಗತಿ. ಆದರೆ ಒಳಗಿರುವವನನ್ನು ಹುಡುಕಿ ಕಾಣುವುದಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ಕನ್ನಡಿಗರೂ ಮಲಯಾಳಿಗಳೂ ತಮಿಳರೂ ಒಂದೇ ಬಾಗಿಲಲ್ಲಿ ನಿಂತವರು. ಇಂದು ಕಾನೂನಿನ ಪುಸ್ತಕದಲ್ಲಿ ಹಕ್ಕು ಎಂದು ಅಚ್ಚಾಗಿರುವುದರಲ್ಲಿ ಬಹುಪಾಲು ಹಾಗೆ ನಿಂತವರು ಪಡೆದುಕೊಂಡದ್ದು.

ಹೊಸೂರು ಸೀಮೆ ಇಂಗ್ಲಿಷರ ಕೈಸೇರಿದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ. ಬಾರಾಮಹಲು ಅದಕ್ಕೆ ಏಳು ವರ್ಷ ಮೊದಲೇ, 1792ರಲ್ಲಿ ಹೋಗಿತ್ತು. ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋ 1799ರಲ್ಲಿ ಕಲೆಕ್ಟರನಾಗಿ ಹೋದದ್ದು ಕೆನರಾ ಜಿಲ್ಲೆಗೆ, ಎಂದರೆ ಕಾಸರಗೋಡು ಸೇರಿದ ಕರಾವಳಿಗೆ. ನಮ್ಮ ಎರಡು ಗಡಿನಾಡುಗಳ ಆಡಳಿತಕ್ಕೆ ಮೊದಲಿನಿಂದಲೂ ಇಂಥ ನಂಟಿದೆ. ಹೊಸೂರು ಸೇಲಂ ಜಿಲ್ಲೆಯ ತಾಲೂಕು, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಎರಡೂ ಮದರಾಸು ಆಡಳಿತಕ್ಕೆ ಒಳಪಟ್ಟವು. ಸೇಲಂ ಜೈಲು 1862ರದು, ಕಣ್ಣೂರಿನದು 1869ರದು. 1894ರ ಕಾರಾಗೃಹ ಕಾಯಿದೆ ಎರಡಕ್ಕೂ ಒಂದೇ, ಮದರಾಸಿನ ಜೈಲು ನಿಯಮಾವಳಿಯೂ ಒಂದೇ. ಆ ಕಾಯಿದೆಯಲ್ಲಿ ಸಂದರ್ಶನಕ್ಕೆ ಒಂದು ಸಣ್ಣ ಜಾಗವಿದೆ: ವಿಚಾರಣೆ ಮುಗಿಯದ ಕೈದಿ ತನ್ನ ವಕೀಲನನ್ನೂ ತನ್ನವರನ್ನೂ ಕಾಣಲು ತಕ್ಕ ಏರ್ಪಾಡಿರಬೇಕು ಎಂಬುದು ಅದರ ಸಾರ. ಅದರ ಮರುಸಾಲಿನಲ್ಲೇ, ಬಂದವರ ಹೆಸರು ವಿಳಾಸ ಬರೆದುಕೊಳ್ಳಬಹುದು, ಅನುಮಾನ ಬಂದರೆ ಮೈ ತಡವಿ ನೋಡಬಹುದು, ಒಪ್ಪದವರನ್ನು ಹಿಂದಕ್ಕೆ ಕಳಿಸಬಹುದು ಎಂದಿದೆ. ಶಿಕ್ಷೆಯಾದವನಿಗೆ ಕಾಗದವೂ ಭೇಟಿಯೂ ನಡತೆಗೆ ಸಿಗುವ ಬಹುಮಾನ. ಕೊಡುವವರು ಜೈಲಿನವರು, ಕಿತ್ತುಕೊಳ್ಳುವವರೂ ಅವರೇ.

ರಾಜಕೀಯ ಕೈದಿಗಳನ್ನು ಊರಿನಿಂದ ದೂರ ಸಾಗಿಸುವುದು ಆ ಸರಕಾರದ ಹಳೆಯ ಚಾಳಿ. ತೂತ್ತುಕುಡಿಯ ವಿ. ಓ. ಚಿದಂಬರಂ ಪಿಳ್ಳೈಯವರು ಮೊದಲು ಕೊಯಮತ್ತೂರಿನಲ್ಲಿದ್ದರು. ಆಮೇಲೆ ಅವರನ್ನು ಕಣ್ಣೂರಿಗೆ ಕಳಿಸಿದರು. ಬಿಡುಗಡೆಯಾದದ್ದು 1912ರ ಡಿಸೆಂಬರಿನಲ್ಲಿ, ಕಣ್ಣೂರಿನಿಂದಲೇ. ತಮಿಳುನಾಡಿನ ತೆಂಕಣ ತುದಿಯವನ ಮನೆಯವರಿಗೆ ಮಲಬಾರು ಎಷ್ಟು ದೂರ ಎಂಬುದನ್ನು ನಾವೇ ಊಹಿಸಬೇಕು. ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಸೇಲಂನಲ್ಲಿ ವಕೀಲರಾಗಿ ಹೆಸರು ಮಾಡಿದವರು. 1921ರ ಡಿಸೆಂಬರ್ 21ರಿಂದ ಮೂರು ತಿಂಗಳು ಅವರು ವೆಲ್ಲೂರು ಜೈಲಿನಲ್ಲಿದ್ದು ದಿನಚರಿ ಬರೆದರು. ಅದು ಪ್ರಸಿದ್ಧವಾದ ಪುಸ್ತಕ. ಓದು ಬರಹ ಬಲ್ಲವನ ಸೆರೆವಾಸ ಹೀಗೆ ಹೊರಗಿನವರಿಗೆ ತಿಳಿಯುತ್ತದೆ. ಓದುಬಾರದ ರೈತನದು ತಿಳಿಯುವುದು ಬೇರೆಯವರು ಹೋಗಿ ನೋಡಿಬಂದು ಹೇಳಿದಾಗ ಮಾತ್ರ.

ಕಯ್ಯೂರಿನ ಕಥೆ ಈ ವಾರ್ಷಿಕದ ಓದುಗರಿಗೆ ಹೊಸತಲ್ಲ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ನಡುವೆ ಸಿಕ್ಕಿದ ಪೇದೆ ಸುಬ್ಬರಾಯ ಹೊಳೆಗೆ ಬಿದ್ದು ಸತ್ತನು. 61 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಕಯ್ಯೂರು ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ತೇಜಸ್ವಿನಿ ಹೊಳೆಯ ದಂಡೆಯ ಮಲಯಾಳಂ ಮಾತಿನ ಬಡ ರೈತರ ಹಣೆಬರಹ ಕನ್ನಡ, ತುಳು ಮಾತಿನ ಪಟ್ಟಣದಲ್ಲಿ ತೀರ್ಮಾನವಾಯಿತು. ಮನೆಯವರು ಮಗನನ್ನೋ ಗಂಡನನ್ನೋ ನೋಡಬೇಕಾದರೆ ಕಾಲ್ನಡೆಯಲ್ಲಿ ರೈಲು ನಿಲ್ದಾಣಕ್ಕೆ ಬಂದು, ಬಡಗಣಕ್ಕೆ ಹೋಗುವ ಗಾಡಿ ಹತ್ತಬೇಕು. ಮರಣದಂಡನೆಯ ತೀರ್ಪಾದ ಮೇಲೆ ದಿಕ್ಕೇ ತಿರುಗಿತು. ಗಲ್ಲುಗಂಬವಿದ್ದದ್ದು ಕಣ್ಣೂರಿನಲ್ಲಿ, ತೆಂಕಣಕ್ಕೆ.

ಮರಣದಂಡನೆಯಾದ ಐವರಲ್ಲಿ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಎಳೆಯ ವಯಸ್ಸಿನವನೆಂಬ ಕಾರಣಕ್ಕೆ ಉಳಿದನು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್, ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅದಕ್ಕೆ ಮುಂಚೆ ಕಮ್ಯೂನಿಸ್ಟ್ ಪಕ್ಷದ ಕಾರ್ಯದರ್ಶಿ ಪಿ. ಸಿ. ಜೋಶಿ ಕಣ್ಣೂರಿಗೆ ಬಂದು ಸಾವಿನ ಕೋಣೆಗಳಲ್ಲಿದ್ದ ಆ ನಾಲ್ವರನ್ನೂ ಕಂಡು ಮಾತಾಡಿದರು. ಆ ಭೇಟಿಯ ವರದಿ ಅಚ್ಚಾದದ್ದರಿಂದಲೇ ಕಯ್ಯೂರು ದೇಶಕ್ಕೆಲ್ಲ ತಿಳಿಯಿತು. ಪಕ್ಷದ ಮೇಲಿನ ನಿಷೇಧ ಹಿಂದಿನ ವರ್ಷವಷ್ಟೆ ಹೋಗಿತ್ತು. ಅದು ಹೋಗಿರದಿದ್ದರೆ ಜೋಶಿಯವರು ಆ ಬಾಗಿಲ ಬಳಿಯೂ ಸುಳಿಯುವಂತಿರಲಿಲ್ಲ. ನೀಲೇಶ್ವರದಲ್ಲಿ ಶಾಲೆ ಓದಿದ ಕುಳಕುಂದ ಶಿವರಾಯ, ಮುಂದೆ ನಿರಂಜನರಾಗಿ, 1955ರಲ್ಲಿ ಈ ಕಥೆಯನ್ನು ‘ಚಿರಸ್ಮರಣೆ’ ಎಂಬ ಕಾದಂಬರಿ ಮಾಡಿದರು. ಕನ್ನಡದಲ್ಲಿ ಹುಟ್ಟಿದ ಪುಸ್ತಕ ಮಲಯಾಳಕ್ಕೆ ಹೋಗಿ ಅಲ್ಲಿನವರ ಮನೆಮಾತಾಯಿತು. ಈಗ ಅದೇ ಕಯ್ಯೂರು-ಚೀಮೇನಿ ಪಂಚಾಯತಿನಲ್ಲಿ ಕೇರಳ ಸರಕಾರದ ತೆರೆದ ಬಂದೀಖಾನೆಯೊಂದಿದೆ. ಚರಿತ್ರೆಗೆ ಇಂಥ ಚೇಷ್ಟೆಗಳೂ ಇರುತ್ತವೆ.

ಕಣ್ಣೂರಿನಿಂದ ಸೇಲಂಗೆ ಬರೋಣ. 1946ರ ಡಿಸೆಂಬರಿನಲ್ಲಿ ಕರಿವೆಳ್ಳೂರು, ಕಾವುಂಬಾಯಿಗಳಲ್ಲಿ ಭತ್ತಕ್ಕಾಗಿ, ಕುಮರಿ ಬೇಸಾಯದ ನೆಲಕ್ಕಾಗಿ ರೈತರು ಎದ್ದರು, ಗುಂಡು ಹಾರಿತು, ನೂರಾರು ಮಂದಿ ಜೈಲು ಸೇರಿದರು. 1948ರಲ್ಲಿ ಪಕ್ಷದ ಮೇಲೆ ಮತ್ತೆ ಕೈ ಬಿದ್ದ ಮೇಲೆ ಮಲಬಾರಿನ ಎಷ್ಟೋ ಕೈದಿಗಳನ್ನು ಸೇಲಂ ಜೈಲಿಗೆ ಸಾಗಿಸಿದರು. ಇರಿಕ್ಕೂರಿನ ಕಾಡಂಚಿನಿಂದ ಒಬ್ಬಳು ಹೆಂಗಸು ಸೇಲಂಗೆ ಹೊರಟಳೆನ್ನಿ. ಶೋರನೂರು, ಪಾಲಕ್ಕಾಡು, ಕೊಯಮತ್ತೂರು, ಈರೋಡು ದಾಟಿ ಬರಬೇಕು. ಟಿಕೇಟಿನ ಹಣಕ್ಕೆ ಯಾರಲ್ಲೋ ಕೈ ಚಾಚಬೇಕು. ಬಂದ ಮೇಲೆ ಭಾಷೆ ತಿಳಿಯದು. ಅಂದಿನ ಹೊಸೂರಿನವರಿಗೂ ಸೇಲಂ ಹತ್ತಿರವೇನಲ್ಲ. ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಬರುತ್ತಿದ್ದ ಸಣ್ಣ ಅಳತೆಯ ರೈಲನ್ನು ಎರಡನೆಯ ಮಹಾಯುದ್ಧದ ಕಾಲಕ್ಕೆ ನಿಲ್ಲಿಸಿಬಿಟ್ಟಿದ್ದರು. ಆದರೂ ಜಿಲ್ಲೆಯ ಮುಖ್ಯ ಪಟ್ಟಣವೆಂದು ಅಲ್ಲಿ ಪರಿಚಯದವರಿದ್ದರು, ಮಂಡಿಗಳಿದ್ದವು, ಕೋರ್ಟಿಗೆ ಹೋಗಿಬರುವವರಿದ್ದರು. ಮಲಬಾರಿನವರಿಗೆ ಅದೂ ಇಲ್ಲ.

1950ರ ಫೆಬ್ರವರಿ 11ರಂದು ಆ ಜೈಲಿನೊಳಗೆ ಕೈದಿಗಳ ಮೇಲೆ ಗುಂಡು ಹಾರಿಸಲಾಯಿತು; 22 ಜನ ಸತ್ತರು. ಹೆಚ್ಚಿನವರು ಮಲಬಾರಿನವರು. ಭಾರತ ಗಣರಾಜ್ಯವಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ಸತ್ತವರಲ್ಲಿ ಕಾವುಂಬಾಯಿಯ ತಳಿಯನ್ ರಾಮನ್ ನಂಬಿಯಾರ್ ಒಬ್ಬರು. ಅವರ ಮಗ ನಾರಾಯಣನ್ ನಂಬಿಯಾರರೂ ಅದೇ ಜೈಲಿನಲ್ಲಿ ಕೈದಿ. ಸೆರೆಮನೆಯಲ್ಲಿರುವ ತಂದೆಯನ್ನು ದಿನವೂ ಕಾಣಬಲ್ಲ ಮಗ ಎಂದರೆ ತಾನೂ ಸೆರೆಯಲ್ಲಿದ್ದವನೇ. ಮನೆಯಲ್ಲಿ ಉಳಿದ ಹೆಂಗಸರಿಗೆ ಅಷ್ಟೂ ಇರಲಿಲ್ಲ. ಸೇಲಂ ಹೆಸರು ಉತ್ತರ ಮಲಬಾರಿನಲ್ಲಿ ಇಂದಿಗೂ ಪ್ರತಿ ಫೆಬ್ರವರಿಯಲ್ಲಿ ಕೇಳಿಸುತ್ತದೆ. ನಮ್ಮಲ್ಲಿ, ಅದೇ ಜಿಲ್ಲೆಯೊಳಗಿದ್ದ ಹೊಸೂರಿನಲ್ಲಿ, ಬಲ್ಲವರು ಕಡಮೆ. ನಮಗೆ ಸೇಲಂ ಎಂದರೆ ಮಾವು, ಉಕ್ಕು. ಇದು ನನಗೆ ಸರಿಯೆನಿಸುವುದಿಲ್ಲ.

ಆ ವರ್ಷವೇ ಎರಡು ಕಾನೂನಿನ ಸಂಗತಿಗಳು ನಡೆದವು. ಸ್ವಾತಂತ್ರ್ಯದ ಕಾಲದಿಂದಲೂ ಬಂಧನದಲ್ಲಿದ್ದ ಎ. ಕೆ. ಗೋಪಾಲನ್ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಕೊಂಡರು. ‘ಆಸಾಮಿಯನ್ನು ತಂದು ನಿಲ್ಲಿಸಿ’ ಎಂದು ಕೇಳುವ ಅರ್ಜಿ ಅದು. 1950ರ ಮೇ 19ರಂದು ಸುಪ್ರೀಂ ಕೋರ್ಟು ಮುಂಜಾಗ್ರತಾ ಬಂಧನದ ಕಾಯಿದೆಯನ್ನು ಎತ್ತಿಹಿಡಿಯಿತು. ಬಂಧನಕ್ಕೆ ಕೊಟ್ಟ ಕಾರಣವನ್ನು ಕೋರ್ಟಿಗೂ ಹೇಳಬಾರದೆಂಬ ಒಂದು ಕಲಮನ್ನು ಮಾತ್ರ ಹೊಡೆದುಹಾಕಿತು. ಗೋಪಾಲನ್ ಸೋತರೂ ಅಷ್ಟನ್ನು ಗೆದ್ದರು. ಎರಡನೆಯದು ಹೆಚ್ಚು ಜನ ಗಮನಿಸದ ಪುಟ್ಟ ಕಾಯಿದೆ, 1950ರ ಕೈದಿಗಳ ವರ್ಗಾವಣೆ ಕಾಯಿದೆ. ಒಂದು ರಾಜ್ಯದಲ್ಲಿ ಶಿಕ್ಷೆಯಾದವನನ್ನು ಎರಡೂ ಸರಕಾರಗಳು ಒಪ್ಪಿದರೆ ಇನ್ನೊಂದು ರಾಜ್ಯದ ಸೆರೆಮನೆಗೆ ಕಳಿಸಬಹುದು ಎಂಬುದೇ ಅದರ ಮುಖ್ಯ ಕಲಮು. ವಿಚಾರಣೆ ಮುಗಿಯದವನಿಗೆ ಇದು ಅನ್ವಯಿಸದು. ಇಂದಿಗೂ ಸೇಲಂನಲ್ಲಿ ಶಿಕ್ಷೆ ಅನುಭವಿಸುತ್ತಿರುವ ಗಡಿಭಾಗದ ಕನ್ನಡಿಗನ ಮನೆಯವರು ಅವನನ್ನು ಹತ್ತಿರದ ಬೆಂಗಳೂರಿಗೆ ಕಳಿಸಿಕೊಡಿ ಎಂದು ಕೇಳಿಕೊಳ್ಳಬಹುದಾದ ದಾರಿ ಇದೊಂದೇ. ಸಿಕ್ಕೇಬಿಡುತ್ತದೆ ಎಂದಲ್ಲ, ಎರಡು ರಾಜ್ಯಗಳ ರಾಜಧಾನಿಯಲ್ಲಿ ಕಡತ ಅಲೆಯಬೇಕು. ಆದರೆ ಅಂಥ ದಾರಿಯಿದೆ ಎಂದು ತಿಳಿದವರು ನಮ್ಮಲ್ಲಿ ಎಷ್ಟು ಮನೆಯವರು?

1956ರ ನವೆಂಬರ್ 1ರಂದು ಗೆರೆ ಬಿತ್ತು. ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದರಾಸಿನಲ್ಲಿ ಉಳಿಯಿತು. ನಮ್ಮ ಜಿಲ್ಲೆಯ ಹೆಸರು 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ಬದಲಾಯಿತು. ಕೇಂದ್ರ ಕಾರಾಗೃಹ ಮಾತ್ರ ಸೇಲಂನದೇ.

ಇಪ್ಪತ್ತು ವರ್ಷಗಳ ಮೇಲೆ, 1976ರ ವಸಂತದಲ್ಲಿ, ಗೆರೆಯ ಎರಡೂ ಕಡೆ ಇಬ್ಬರು ತಮ್ಮ ಮಕ್ಕಳನ್ನು ಹುಡುಕುತ್ತಿದ್ದರು. ಒಬ್ಬರು ಬೆಂಗಳೂರಿನ ತಾಯಿ, ಮತ್ತೊಬ್ಬರು ಕೇರಳದ ತಂದೆ. ಇವರಿಬ್ಬರನ್ನೂ ಜೊತೆಯಾಗಿ ನೆನೆದದ್ದನ್ನು ನಾನು ಕಂಡಿಲ್ಲ, ನೆನೆಯಬೇಕು.

ತಂದೆ ಟಿ. ವಿ. ಈಚರ ವಾರಿಯರ್, ಹಿಂದಿ ಅಧ್ಯಾಪಕರು. ಮಗ ರಾಜನ್ ಕೋಳಿಕ್ಕೋಡಿನ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. 1976ರ ಮಾರ್ಚ್ 1ರಂದು ಪೊಲೀಸರು ಅವನನ್ನು ಕಾಲೇಜಿನಿಂದ ಕರೆದೊಯ್ದರು. ತಂದೆಗೆ ಅದು ತಿಳಿದದ್ದು ಪ್ರಾಂಶುಪಾಲರು ಬರೆದ ಕಾಗದದಿಂದ. ಅಂದಿನಿಂದ ಅವರು ಅಲೆದ ಬಾಗಿಲುಗಳು ಪೊಲೀಸ್ ಠಾಣೆ, ಕಕ್ಕಯಂ ಶಿಬಿರ, ಗೃಹಮಂತ್ರಿಯ ಮನೆ; ಬರೆದ ಅರ್ಜಿಗಳು ದೆಹಲಿಯ ತನಕ. ಯಾರೂ ಇಲ್ಲ ಎನ್ನಲಿಲ್ಲ, ಇದ್ದಾನೆ ಎಂದೂ ಹೇಳಲಿಲ್ಲ. ಮನಸ್ಸಿನ ಸಮತೋಲ ತಪ್ಪಿದ ರಾಜನ್ ತಾಯಿ ಮಗನನ್ನು ಕೇಳಿದಾಗಲೆಲ್ಲ ಅವರು ಏನಾದರೊಂದು ಹೇಳಿ ಸಮಾಧಾನಪಡಿಸಬೇಕಿತ್ತು. ಆ ತಾಯಿ 2000ದಲ್ಲಿ ತೀರಿಕೊಂಡರು.

ತಾಯಿ ಆಲಿಸ್ ಫರ್ನಾಂಡಿಸ್, ಮಂಗಳೂರಿನ ಮನೆತನದವರು. ಹಿರಿಯ ಮಗ ಜಾರ್ಜ್ ಭೂಗತನಾಗಿದ್ದ. ಇನ್ನೊಬ್ಬ ಮಗ ಮೈಕೆಲ್ ಬೆಂಗಳೂರಿನ ಜೈಲಿನಲ್ಲಿದ್ದ. ಮೂರನೆಯವನಾದ ಲಾರೆನ್ಸನನ್ನು 1976ರ ಮೇ 1ರ ರಾತ್ರಿ ಬೆಂಗಳೂರಿನ ಮನೆಯಿಂದ ಪೊಲೀಸರು ಒಯ್ದರು, ಅಣ್ಣನ ಸುಳಿವು ಬೇಕೆಂದು. ಎಲ್ಲಿಟ್ಟಿದ್ದಾರೆಂಬುದು ಮನೆಗೆ ತಿಳಿಯಲಿಲ್ಲ. ಸುಮಾರು ಹತ್ತು ದಿನದ ಮೇಲೆ ದಾವಣಗೆರೆಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ತಂದು, ಅಲ್ಲೇ ಹಿಡಿದೆವು ಎಂದು ತೋರಿಸಿದರು. ಕೊನೆಗೆ ತಾಯಿ ಅವನನ್ನು ಬೆಂಗಳೂರಿನ ಜೈಲಿನಲ್ಲಿ ಕಂಡಾಗ ಮಗ ಇನ್ನೊಬ್ಬರ ಆಸರೆಯಿಲ್ಲದೆ ಹೆಜ್ಜೆ ಇಡಲಾರ. ಆ ತಾಯಿ ಕಂಡದ್ದನ್ನೂ ಕೇಳಿದ್ದನ್ನೂ ಬರೆದು ರಾಷ್ಟ್ರಪತಿಗಳಿಗೆ ಕಳಿಸಿದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಆ ಕಾಗದದ ಪ್ರತಿಗಳು ಕೈಯಿಂದ ಕೈಗೆ ಸಾಗಿದವು.

ಮೇ 1ಕ್ಕೆ ಮೂರು ದಿನ ಹಿಂದೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟು ಜಬಲ್ಪುರದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು: ತುರ್ತುಪರಿಸ್ಥಿತಿಯಲ್ಲಿ ಬಂಧಿತನ ಪರವಾಗಿ ಹೇಬಿಯಸ್ ಕಾರ್ಪಸ್ ಕೇಳುವಂತಿಲ್ಲ. ಕೇಳಬಹುದೆಂದು ಕರ್ನಾಟಕದ ಹೈಕೋರ್ಟೂ ಇನ್ನು ಕೆಲವು ಹೈಕೋರ್ಟುಗಳೂ ಹೇಳಿದ್ದವು. ಐವರು ನ್ಯಾಯಾಧೀಶರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಆ ಪಕ್ಷಕ್ಕೆ ನಿಂತರು. ಹುಡುಕುವವರಿಗೆ ಇದ್ದ ಒಂದೇ ಕಾನೂನಿನ ಬಾಗಿಲನ್ನು ಹೀಗೆ ಮುಚ್ಚಿದ್ದರು. ಆ ತೀರ್ಪನ್ನು ಸುಪ್ರೀಂ ಕೋರ್ಟೇ ಅಳಿಸಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಈಚರ ವಾರಿಯರ್ ಕಾದರು. 1977ರ ಮಾರ್ಚ್ 21ರಂದು ತುರ್ತುಪರಿಸ್ಥಿತಿ ಹೋಯಿತು. 25ರಂದು ಕೇರಳ ಹೈಕೋರ್ಟಿನಲ್ಲಿ ಅವರ ಅರ್ಜಿ ದಾಖಲಾಯಿತು. ನ್ಯಾಯಮೂರ್ತಿಗಳಾದ ಪೋಟ್ಟಿ ಮತ್ತು ಖಾಲಿದ್ ಏಪ್ರಿಲ್ 13ರಂದು, ರಾಜನ್ ಪೊಲೀಸರ ವಶದಲ್ಲಿದ್ದನೆಂದು ತೀರ್ಮಾನಿಸಿ, ಅವನನ್ನು ತಂದು ಒಪ್ಪಿಸಿ ಎಂದರು. ಸರಕಾರಕ್ಕೆ ತರಲಾಗಲಿಲ್ಲ; ರಾಜನ್ ಶಿಬಿರದಲ್ಲೇ ಸತ್ತಿದ್ದ. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು ಆಗಷ್ಟೆ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಏಪ್ರಿಲ್ 25ರಂದು ರಾಜೀನಾಮೆ ಕೊಟ್ಟರು. ಮಗನ ಶವ ಸಿಗಲೇ ಇಲ್ಲ. 2006ರಲ್ಲಿ ವಾರಿಯರರು ತೀರಿಕೊಳ್ಳುವ ಮುನ್ನ ಬರೆದಿಟ್ಟ ‘ಒರು ಅಚ್ಛಂಡೆ ಓರ್ಮಕ್ಕುರಿಪ್ಪುಗಳ್’ ಪುಸ್ತಕವನ್ನು ಮಲಯಾಳ ಬಲ್ಲ ನಮ್ಮ ಓದುಗರು ಮೂಲದಲ್ಲೇ ಓದಬೇಕು.

ಅದೇ ದಿನಗಳಲ್ಲಿ ಬೆಂಗಳೂರಿನ ಹಳೆಯ ಜೈಲಿನಲ್ಲಿ (ಈಗ ಫ್ರೀಡಂ ಪಾರ್ಕ್ ಇರುವ ಜಾಗ) ಸ್ನೇಹಲತಾ ರೆಡ್ಡಿಯವರಿದ್ದರು, ‘ಸಂಸ್ಕಾರ’ ಚಿತ್ರದ ಚಂದ್ರಿ. ಉಬ್ಬಸದಿಂದ ನರಳುತ್ತಿದ್ದ ಅವರನ್ನು 1977ರ ಜನವರಿ 15ರಂದು ಹೊರಬಿಟ್ಟರು; 20ರಂದು ತೀರಿಕೊಂಡರು. ಸಂಸದ ಮಧು ದಂಡವತೆಯವರೂ ಅದೇ ಜೈಲಿನಲ್ಲಿದ್ದರು. ಅವರ ಹೆಂಡತಿ ಪ್ರಮೀಳಾ ಪುಣೆಯ ಯರವಡಾ ಜೈಲಿನಲ್ಲಿ. ಎರಡು ಸೆರೆಮನೆಗಳ ನಡುವೆ ಗಂಡ ಹೆಂಡಿರ ಸುಮಾರು 200 ಕಾಗದಗಳು ಓಡಾಡಿದವು, ಎರಡೂ ಕಡೆಯ ಜೈಲಿನವರ ಕಣ್ಣಡಿಯಲ್ಲಿ. ಒಳಗಿದ್ದವರು ಬದುಕಿ ಉಳಿಯುವುದು ಕಾಗದದಿಂದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಜೈಲಿನ ನಿಯಮಾವಳಿಗಳಲ್ಲಿ ಹಳೆಯದೊಂದು ವಿಧಿಯಿದೆ: ಸೂಪರಿಂಟೆಂಡೆಂಟರಿಗೆ ತಿಳಿಯದ ಭಾಷೆಯಲ್ಲಿ ಕಾಗದ ಬಂದರೆ ಅದನ್ನು ಅನುವಾದ ಮಾಡಿಸಿ ನೋಡಿದ ಮೇಲೆಯೇ ಕೈದಿಗೆ ಕೊಡಬೇಕು. ಕೇಳುವುದಕ್ಕೆ ಸರಿಯಾಗಿದೆ. ಆದರೆ ತಮಿಳಿನ ಕಾಗದ ಬಂದ ದಿನವೇ ಒಳಹೋಗುವಲ್ಲಿ ಕನ್ನಡದ ಕಾಗದ ಓದಬಲ್ಲವನು ಸಿಗುವ ತನಕ ಮೇಜಿನ ಮೇಲೆ ಕೂರಬಹುದು. ಅಕ್ಕನಿಗೆ ತಮಿಳು ಬರೆಯಲು ಬಾರದು, ಒಳಗಿರುವ ತಮ್ಮನಿಗೆ ಕನ್ನಡವಲ್ಲದೆ ಓದಲು ಬಾರದು ಎಂದಾಗ ಆ ಮೇಜೇ ಗಡಿ.

ಕಾನೂನು ಮತ್ತೆ ತೆರೆದುಕೊಂಡದ್ದು ತುರ್ತುಪರಿಸ್ಥಿತಿಯ ನಂತರ. ಅದರಲ್ಲಿ ದೊಡ್ಡ ಕೈ ವಿ. ಆರ್. ಕೃಷ್ಣಯ್ಯರ್ ಅವರದು. ತಲಶ್ಶೇರಿಯಲ್ಲಿ ವಕೀಲರಾಗಿ ಮಲಬಾರಿನ ರೈತ ಕೈದಿಗಳ ಪರ ವಾದಿಸಿದವರು. 1948ರಲ್ಲಿ ಕಮ್ಯೂನಿಸ್ಟರಿಗೆ ನೆರವಾದರೆಂದು ತಾವೇ ಒಂದು ತಿಂಗಳು ಸೆರೆಯಲ್ಲಿದ್ದವರು. 1957ರ ಕೇರಳ ಮಂತ್ರಿಮಂಡಲದಲ್ಲಿ ಸೆರೆಮನೆಗಳ ಮಂತ್ರಿ. 1979ರ ಡಿಸೆಂಬರ್ 20ರಂದು, ಸುನಿಲ್ ಬಾತ್ರಾ ಎಂಬ ಕೈದಿ ಇನ್ನೊಬ್ಬ ಕೈದಿಯ ಹಿಂಸೆಯ ಬಗ್ಗೆ ತಿಹಾರಿನಿಂದ ಬರೆದಿದ್ದ ಕಾಗದವನ್ನೇ ಅರ್ಜಿಯೆಂದು ಎಣಿಸಿ ಕೊಟ್ಟ ತೀರ್ಪು ಅವರದು. ಕೈದಿಗೆ ತನ್ನವರ ಭೇಟಿ ದಯೆಯ ವಿಷಯವಲ್ಲ ಎಂಬ ದಾರಿಯಲ್ಲಿ ಅದು ದೊಡ್ಡ ಹೆಜ್ಜೆ. 1981ರ ಜನವರಿಯಲ್ಲಿ ಫ್ರಾನ್ಸಿಸ್ ಕೊರಲಿ ಮುಲಿನ್ ಮೊಕದ್ದಮೆ ಬಂತು. ತಿಹಾರಿನಲ್ಲಿದ್ದ ಆ ಹೆಂಗಸಿಗೆ ಐದು ವರ್ಷದ ಮಗಳನ್ನು ತಿಂಗಳಿಗೊಮ್ಮೆ ಮಾತ್ರ ನೋಡಲು ಬಿಡುತ್ತಿದ್ದರು. ಆ ಕಟ್ಟಳೆಯನ್ನು ಕೋರ್ಟು ತಳ್ಳಿಹಾಕಿತು. ಬರೆದವರು ಪಿ. ಎನ್. ಭಗವತಿ, 1976ರಲ್ಲಿ ಬಾಗಿಲು ಮುಚ್ಚಿದ ನಾಲ್ವರಲ್ಲಿ ಒಬ್ಬರು. 1996ರ ಡಿ. ಕೆ. ಬಸು ತೀರ್ಪಿನಿಂದ, ಹಿಡಿದ ಸುದ್ದಿಯನ್ನೂ ಇಟ್ಟ ಜಾಗವನ್ನೂ ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ.

ಗೆರೆಯ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಲೇಖನ ಏಕಪಕ್ಷೀಯವಾದೀತು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಮಾರ್ಟಳ್ಳಿ ಮೊದಲಾದ ಊರುಗಳು ಕರ್ನಾಟಕದಲ್ಲಿವೆ, ಮನೆಮಾತು ತಮಿಳು. ಅವರು ಅಲ್ಲಿ ನಮ್ಮ ಹಾಗೆಯೇ. ವೀರಪ್ಪನ್ ಬೇಟೆಯ ಕಾಲದಲ್ಲಿ, 1993ರ ಸುಮಾರಿಗೆ, ಗಡಿಯ ಎರಡೂ ಕಡೆಯ ನೂರಕ್ಕೂ ಮಿಕ್ಕಿದ ಜನರನ್ನು ಟಾಡಾ ಕಾಯಿದೆಯಡಿ ಮೈಸೂರಿನ ಜೈಲಿಗೆ ಹಾಕಿದರು. 2001ರಲ್ಲಿ ವಿಶೇಷ ನ್ಯಾಯಾಲಯ ಅವರಲ್ಲಿ ಹೆಚ್ಚಿನವರನ್ನು ನಿರ್ದೋಷಿಗಳೆಂದು ಬಿಟ್ಟಿತು; ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಶಿಕ್ಷೆಯಾದ ನಾಲ್ವರಿಗೆ ಸುಪ್ರೀಂ ಕೋರ್ಟು 2004ರಲ್ಲಿ ಮರಣದಂಡನೆ ವಿಧಿಸಿತು. 2013ರಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕಾರವಾದಾಗ ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಕಾವೇರಿಯ ದಂಡೆಯಿಂದ ಮಹಾರಾಷ್ಟ್ರದ ಅಂಚಿನ ತನಕ, ತಮಿಳು ಮಾತ್ರ ಬಲ್ಲ ಮುದುಕಿಯರು ಕನ್ನಡದ ಫಲಕಗಳನ್ನು ನೋಡುತ್ತ ಹೋಗಬೇಕು! 2014ರ ಜನವರಿ 21ರಂದು ಕೋರ್ಟು ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಸೇಲಂ ಬಾಗಿಲಲ್ಲಿ ನಮಗಾಗುವ ಕಷ್ಟವನ್ನು ದೂರುವಾಗ ಹಿಂಡಲಗಾ ಬಾಗಿಲಿನ ಅವರ ಕಷ್ಟ ನೆನಪಿರಲಿ.

ಈಗ ಹೊಸೂರಿನಲ್ಲಿ ಯಾರಾದರೂ ಬಂಧನವಾದರೆ ಹುಡುಕುವ ಕ್ರಮವೇನು? 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆದ್ದರಿಂದ ಠಾಣೆಯಲ್ಲಿ ಉತ್ತರ ಸಿಗದಿದ್ದರೆ ಕೋರ್ಟಿಗೆ ಹೋಗಬೇಕು. ಕೋರ್ಟಿನ ರಿಮಾಂಡ್ ಕಾಗದದಲ್ಲಿ ಯಾವ ಜೈಲು ಎಂಬುದಿರುತ್ತದೆ. ಮೊದಲು ಹತ್ತಿರದ ಸಬ್‌ಜೈಲಿನಲ್ಲಿಟ್ಟು ಆಮೇಲೆ ಸೇಲಂಗೆ ಒಯ್ಯುವುದುಂಟು; ಅದಕ್ಕಾಗಿ ಪ್ರತಿ ವಾಯಿದೆಯಲ್ಲೂ ಮತ್ತೆ ವಿಚಾರಿಸಬೇಕು. ವಕೀಲರಿಗೆ ಹಣವಿಲ್ಲದವರಿಗೆ ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿ ಇದೆ. ಕಂಪ್ಯೂಟರಿನಲ್ಲಿ ದೇಶದ ಜೈಲುಗಳ ದಾಖಲೆಯೂ ಭೇಟಿಗೆ ಹೆಸರು ನೋಂದಾಯಿಸುವ ಇ-ಮುಲಾಕಾತ್ ಏರ್ಪಾಡೂ ಬಂದಿವೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಭೇಟಿಗಳು ನಿಂತಾಗ ತಮಿಳುನಾಡಿನ ಜೈಲುಗಳಲ್ಲಿ ಮೊಬೈಲಿನಲ್ಲಿ ಮುಖ ನೋಡಿ ಮಾತಾಡಲು ಬಿಟ್ಟರು.

ಹೆಸರು ಹುಡುಕುವಾಗ ನಮ್ಮವರಿಗೆ ಒಂದು ತೊಡಕಿದೆ, ಹೊರಗಿನವರಿಗೆ ತಿಳಿಯದು. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಬೇರೆ ಬೇರೆ ಅಕ್ಷರಗಳಲ್ಲ. ಬಸಪ್ಪ ಅಲ್ಲಿ ಪಸಪ್ಪನೂ ಆಗಬಹುದು, ಗಿರಿಯಪ್ಪ ಕಿರಿಯಪ್ಪನಾಗಬಹುದು, ದೇವಮ್ಮ ತೇವಮ್ಮನಾಗಬಹುದು. ತಮಿಳಿನಿಂದ ಇಂಗ್ಲಿಷಿಗೆ ಹೋಗುವಾಗ ಆ ರೂಪವೇ ನಿಂತುಬಿಡುತ್ತದೆ. ಮನೆಯವರು ಬಸಪ್ಪ ಎಂದು ಕೇಳಿದರೆ ಇಲ್ಲ ಎಂಬ ಉತ್ತರ. ಸುಳ್ಳಲ್ಲ, ಪುಸ್ತಕದಲ್ಲಿ ಆ ಹೆಸರಿಲ್ಲ. ಆದ್ದರಿಂದ ಹೆಸರೊಂದನ್ನೇ ನಂಬದೆ ಠಾಣೆಯ ಹೆಸರು, ಮೊಕದ್ದಮೆಯ ನಂಬರು ಮತ್ತು ವರ್ಷ, ತಂದೆಯ ಹೆಸರು ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಮಲಯಾಳ ಲಿಪಿಯಲ್ಲಿ ಈ ಅಕ್ಷರಗಳೆಲ್ಲ ಇರುವುದರಿಂದ ಕಾಸರಗೋಡಿನವರಿಗೆ ಈ ಒಂದು ಕಷ್ಟವಾದರೂ ಇಲ್ಲ.

ಭೇಟಿಗೆ ಕರ್ನಾಟಕದಲ್ಲಿ ಸಂದರ್ಶನ ಎನ್ನುತ್ತಾರೆ, ಬಡಗಣದಲ್ಲಿ ಮುಲಾಕತ್ತು, ಮಲಯಾಳದಲ್ಲಿ ಕೂಡಿಕ್ಕಾಳ್ಚ. ಸೇಲಂ ಕಡೆ ‘ಮನು ಹಾಕುವುದು’ ಎನ್ನುತ್ತಾರೆ, ಮನು ಎಂದರೆ ಮನವಿ. ಈ ಮನುವನ್ನು ತಮಿಳಿನಲ್ಲೇ ಬರೆಯಬೇಕೆಂದು ಕಿಟಕಿಯಲ್ಲಿ ಯಾರಾದರೂ ಹೇಳಿದರೆ, ಸಂವಿಧಾನದ 350ನೆಯ ವಿಧಿಯಿದೆ: ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು. ಹೊಸೂರು ತಾಲೂಕಿನಲ್ಲಿ ಕನ್ನಡ ಬಳಕೆಯಲ್ಲಿದೆ ಎಂಬುದಕ್ಕೆ ಇಲ್ಲಿನ ಕನ್ನಡ ಶಾಲೆಗಳೇ ಸಾಕ್ಷಿ. ಮುಂಜಾಗ್ರತಾ ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದೇ ಕೊಡಬೇಕು, ಬಾಯಲ್ಲಿ ಹೇಳಿದರೆ ಸಾಲದು ಎಂದು ಸುಪ್ರೀಂ ಕೋರ್ಟು 1962ರಲ್ಲೇ ಹರಿಕಿಸನ್ ಮೊಕದ್ದಮೆಯಲ್ಲಿ ಹೇಳಿದೆ. ಮನುವಿನ ಜೊತೆ ಗುರುತಿನ ಚೀಟಿಯ ಪ್ರತಿ ಬೇಕು. ಸೇಲಂ ಬಸ್ಸು ಹತ್ತುವ ಮುಂಚೆ ಕೈದಿ ಇನ್ನೂ ಅಲ್ಲಿಯೇ ಇದ್ದಾನೆಯೇ ಎಂದು ವಕೀಲರಿಂದ ಕೇಳಿಸಿಕೊಳ್ಳುವುದು ಒಳ್ಳೆಯದು; ಅವನನ್ನು ಅಂದೇ ಹೊಸೂರಿನ ಕೋರ್ಟಿಗೆ ವಾಯಿದೆಗೆ ಕರೆತಂದಿರಬಹುದು.